ಒಂದು ಗಂಟೆ ಮೊದಲೇ ಏಳಬೇಕು, ಆಗ್ತಾನೇ ಇಲ್ಲ: ನಿದ್ರಾ ತಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಈಗ ರಾತ್ರಿ 12:30ಕ್ಕೆ ಮಲಗಿ ಬೆಳಗ್ಗೆ 7:30ಕ್ಕೆ ಏಳ್ತೀನಿ. ಕೆಲಸದ ಜೊತೆಗೆ ಒಂದು ಪರೀಕ್ಷೆಗೂ ಓದ್ಬೇಕು, ಅದಕ್ಕೆ 6:30ಕ್ಕೆ ಏಳೋಣ ಅಂತ. ಅಲಾರಂ ಇಟ್ಟರೆ ಮೂರು ದಿನ ಏಳ್ತೀನಿ. ನಾಲ್ಕನೇ ದಿನ ಅದನ್ನ ಯಾವಾಗ ಆಫ್ ಮಾಡಿದೆ ಅನ್ನೋದೇ ನೆನಪಿರಲ್ಲ. ಸರಿ, ಬೇಗ ಮಲಗೋಣ ಅಂತ 10:30ಕ್ಕೆ ಹಾಸಿಗೆಗೆ ಹೋದ್ರೆ ಮಗ್ಗುಲು ಬದಲಿಸ್ತಾ 12:30 ಮಾಡ್ತೀನಿ. ಎಲ್ಲಿ ತಪ್ಪಾಗ್ತಿದೆ?

ಉತ್ತರ (ನಿದ್ರಾ ವೈದ್ಯರು): ಒಂದೇ ಸಲಕ್ಕೆ ಒಂದು ಗಂಟೆ ಹಿಂದಕ್ಕೆ ಹೋಗಲು ನೋಡುತ್ತಿದ್ದೀರಿ, ಅಲ್ಲೇ ತಪ್ಪುತ್ತಿದೆ. 10:30ಕ್ಕೆ ನಿದ್ದೆ ಹತ್ತದಿರುವುದು ನಿಮ್ಮ ಮನಸ್ಸಿನ ದೌರ್ಬಲ್ಯವೇನೂ ಅಲ್ಲ, ದೇಹ ಇರುವುದೇ ಹಾಗೆ.

ನಿದ್ದೆಯನ್ನು ನಡೆಸುವ ಸಂಗತಿಗಳು ಎರಡು. ಎದ್ದ ಗಳಿಗೆಯಿಂದಲೇ ಮೆದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಕೂಡುತ್ತಾ ಹೋಗುತ್ತದೆ. ಎಚ್ಚರವಾಗಿದ್ದಷ್ಟು ಹೊತ್ತೂ ನಿದ್ದೆಯ ಒತ್ತಡ ಏರುತ್ತದೆ, ಮಲಗಿದಾಗ ಇಳಿಯುತ್ತದೆ. ಎರಡನೆಯದು ಮೆದುಳಿನ ಹೈಪೋಥಲಾಮಸ್ ಎಂಬ ಭಾಗದಲ್ಲಿ ಸುಮಾರು 20,000 ನರಕೋಶಗಳು ಸೇರಿ ನಡೆಸುವ ದೇಹದ ಗಡಿಯಾರ. ದಿನವಿಡೀ ಏರುವ ನಿದ್ದೆಯ ಒತ್ತಡಕ್ಕೆ ಎದುರಾಗಿ ಈ ಗಡಿಯಾರ ನಿಮ್ಮನ್ನು ಎಚ್ಚರವಿಡುತ್ತದೆ. ಅದು ಅತಿ ಬಲವಾಗಿ ಎಚ್ಚರವಿಡುವ ಹೊತ್ತು ಯಾವುದು ಗೊತ್ತೇ? ನೀವು ಮಾಮೂಲಾಗಿ ಮಲಗುವ ಸಮಯಕ್ಕಿಂತ ಎರಡು ಮೂರು ಗಂಟೆ ಮುಂಚೆ. 12:30ಕ್ಕೆ ಮಲಗುವವರು 10:30ಕ್ಕೆ ದಿಂಬಿಗೆ ತಲೆ ಕೊಟ್ಟರೆ ಸರಿಯಾಗಿ ಆ ಹೊತ್ತಿಗೇ ಸಿಕ್ಕಿಕೊಳ್ಳುತ್ತಾರೆ.

ಜೊತೆಗೆ ಇನ್ನೊಂದು ತೊಡಕಿದೆ. ಹೊರಗಿನ ಬೆಳಕಿನ ಸುಳಿವೇ ಇಲ್ಲದಂತೆ ಬಿಟ್ಟರೆ ಮನುಷ್ಯನ ಈ ಗಡಿಯಾರ ಒಂದು ಸುತ್ತು ಮುಗಿಸಲು ಸರಾಸರಿ 24 ಗಂಟೆಗಿಂತ ಹತ್ತು ನಿಮಿಷದಷ್ಟು ಹೆಚ್ಚು ತೆಗೆದುಕೊಳ್ಳುತ್ತದೆ. ಹಾಗಾಗಿ ತಡವಾಗಿ ಮಲಗುವ ಅಭ್ಯಾಸ ತಾನಾಗಿಯೇ ಆಗುತ್ತದೆ, ಬೇಗ ಮಲಗುವುದನ್ನು ಮಾತ್ರ ದಿನಾ ತಳ್ಳಿ ತಳ್ಳಿ ಮಾಡಿಸಬೇಕು. ತಳ್ಳುವ ಕೆಲಸ ಮಾಡುವುದು ಬೆಳಗಿನ ಬೆಳಕು.

ನಿಮಗೆ ಹೇಳುವ ಕ್ರಮ ಇದು. ಒಂದು ಗಂಟೆಯನ್ನು 15 ನಿಮಿಷದ ನಾಲ್ಕು ಹಂತ ಮಾಡಿ. ಮೊದಲ ಮೂರು ದಿನ 7:15, ಮುಂದಿನ ಮೂರು ದಿನ 7:00, ಆಮೇಲೆ 6:45, ಕೊನೆಗೆ 6:30. ಒಟ್ಟು 12 ದಿನ. ಮೊದಲು ಏಳುವ ಸಮಯ ಬದಲಿಸಿ, ಮಲಗುವ ಸಮಯ ಅದರ ಹಿಂದೆ ಬರಲಿ. 15 ನಿಮಿಷ ಮೊದಲು ಎದ್ದ ದಿನ ರಾತ್ರಿ ಒತ್ತಡ ಅಷ್ಟು ಮೊದಲೇ ತುಂಬುತ್ತದೆ, ಕಣ್ಣು ಎಳೆಯತೊಡಗುತ್ತದೆ. ಆಗ ಮಲಗಿ. ಕಣ್ಣು ಎಳೆಯದೆ ಗಡಿಯಾರ ನೋಡಿಕೊಂಡು ಮಲಗಬೇಡಿ. ಪ್ರತಿ ಹಂತದ ಮೊದಲ ದಿನ ಸ್ವಲ್ಪ ಮಂಪರು ಇದ್ದೇ ಇರುತ್ತದೆ, ಮೂರನೇ ದಿನಕ್ಕೆ ಹೋಗುತ್ತದೆ. ಹೋಗದಿದ್ದರೆ ಅದೇ ಹಂತದಲ್ಲಿ ಇನ್ನೂ ಮೂರು ದಿನ ಇರಿ.

ಎದ್ದ ಅರ್ಧ ಗಂಟೆಯೊಳಗೆ 20ರಿಂದ 30 ನಿಮಿಷ ಬಯಲಿನ ಬೆಳಕಿಗೆ ಮುಖ ಒಡ್ಡಿ. ಸೂರ್ಯನನ್ನೇ ದಿಟ್ಟಿಸಬೇಕಿಲ್ಲ, ದಿಟ್ಟಿಸಲೂಬಾರದು. ಮನೆಯೊಳಗಿನ ದೀಪದ ಬೆಳಕು ಸಾಮಾನ್ಯವಾಗಿ 100ರಿಂದ 300 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ). ಹೊರಗೆ ಮೋಡ ಮುಚ್ಚಿದ ಹಗಲಲ್ಲೂ ಸಾವಿರಾರು ಲಕ್ಸ್ ಇರುತ್ತದೆ. ಕಣ್ಣಿಗೆ ಈ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ, ಗಡಿಯಾರಕ್ಕೆ ಚೆನ್ನಾಗಿ ತಿಳಿಯುತ್ತದೆ. ಕಿಟಕಿ ಪಕ್ಕ ಕೂರುತ್ತೇನೆ ಎನ್ನುವವರು ಗಾಜಿಗೆ ಅಂಟಿಕೊಂಡೇ ಕೂರಬೇಕು. ನಾಲ್ಕು ಹೆಜ್ಜೆ ಒಳಗೆ ಬಂದರೂ ಬೆಳಕು ಬಹಳ ಇಳಿದುಬಿಡುತ್ತದೆ.

ಅದೇ ಸದಸ್ಯರು: ಇಷ್ಟೆಲ್ಲಾ ಹಂತ ಯಾಕೆ ಡಾಕ್ಟ್ರೇ? ಒಂದೇ ಸಲ 4:30ಕ್ಕೆ ಎದ್ದು ಎಲ್ಲಾ ಲೈಟ್ ಹಾಕ್ಕೊಂಡು ಕೂತ್ರೆ ದೇಹ ತಾನೇ ಹೊಂದ್ಕೊಳ್ಳಲ್ವಾ?

ಉತ್ತರ (ನಿದ್ರಾ ವೈದ್ಯರು): ಉಲ್ಟಾ ಹೊಡೆಯುವ ಸಾಧ್ಯತೆಯೇ ಹೆಚ್ಚು. ಮಾಮೂಲಾಗಿ ಏಳುವ ಸಮಯಕ್ಕಿಂತ ಎರಡು ಮೂರು ಗಂಟೆ ಮುಂಚೆ ದೇಹದ ಒಳಗಿನ ಉಷ್ಣತೆ ಅತಿ ಕಡಿಮೆ ಮಟ್ಟಕ್ಕೆ ಇಳಿದಿರುತ್ತದೆ. 7:30ಕ್ಕೆ ಏಳುವವರಲ್ಲಿ ಅದು ಹೆಚ್ಚುಕಡಿಮೆ 4:30ರಿಂದ 5:30ರ ನಡುವೆ. ಆ ಹಂತ ದಾಟಿದ ಮೇಲೆ ಬಿದ್ದ ಬೆಳಕಿನಿಂದ ಮರುದಿನ ನಿದ್ದೆಯೂ ಬೇಗ, ಎಚ್ಚರವೂ ಬೇಗ. ಅದಕ್ಕೂ ಮುಂಚೆ ಬಿದ್ದರೆ ಗಡಿಯಾರ ಅದನ್ನು ಸಂಜೆಯ ಬೆಳಕೆಂದೇ ಲೆಕ್ಕ ಹಾಕಿ ಎರಡನ್ನೂ ಇನ್ನಷ್ಟು ತಡ ಮಾಡುತ್ತದೆ. ನಸುಕಿಗೇ ಎದ್ದು ಕಣ್ಣು ಕುಕ್ಕುವ ದೀಪದಡಿ ಕೂತವರಿಗೆ ವಾರ ಕಳೆದರೂ ರಾತ್ರಿ ನಿದ್ದೆ ಬೇಗ ಬಾರದಿರಲು ಇದೂ ಒಂದು ಕಾರಣ. ಹಂತ ಹಂತವಾಗಿ ಹೋದರೆ ಆ ತಗ್ಗಿನ ಬಿಂದುವೂ ನಿಮ್ಮ ಜೊತೆಗೇ ಹಿಂದಕ್ಕೆ ಸರಿಯುತ್ತದೆ.

ನಿಮ್ಮ 6:30ಕ್ಕೆ ಇನ್ನೂ ಕತ್ತಲಿರುವ ಕಾಲವಾದರೆ ಎದ್ದ ಕೂಡಲೇ ಕೋಣೆಯ ಎಲ್ಲಾ ದೀಪ ಹಾಕಿ. ಬೆಳಕು ಹರಿದ ಮೇಲೆ ಹೊರಗೆ ಹೋಗಿ.

ಇನ್ನೊಬ್ಬ ಸದಸ್ಯರು: ಸಂಜೆ ಏನು ಮಾಡ್ಬೇಕು ಸರ್? ಮೊಬೈಲ್‌ಗೆ ಹಳದಿ ಫಿಲ್ಟರ್ ಹಾಕಿದ್ರೆ ಸಾಕಾ?

ಉತ್ತರ (ನಿದ್ರಾ ವೈದ್ಯರು): ಫಿಲ್ಟರಿನ ಮೇಲೆ ನನಗೆ ದೊಡ್ಡ ನಂಬಿಕೆಯಿಲ್ಲ. ನಮ್ಮ ಕಣ್ಣಿನಲ್ಲಿ ನೋಡುವುದಕ್ಕಲ್ಲದೆ ಗಡಿಯಾರಕ್ಕೆ ಸುದ್ದಿ ಮುಟ್ಟಿಸುವುದಕ್ಕೆಂದೇ ಕೆಲವು ಕೋಶಗಳಿವೆ. ಅವುಗಳಲ್ಲಿರುವ ಮೆಲನಾಪ್ಸಿನ್ ಎಂಬ ವರ್ಣದ್ರವ್ಯ ಸುಮಾರು 480 ನ್ಯಾನೊಮೀಟರಿನ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತದೆ, ಇದು ನಿಜ. ಆದರೆ ಮೊಬೈಲ್ ಪರದೆ ಕೊಡುವ ಬೆಳಕಿಗಿಂತ ತಲೆ ಮೇಲಿನ ಬಿಳಿ ಟ್ಯೂಬ್‌ಲೈಟ್ ಕೊಡುವುದೇ ಹೆಚ್ಚು. ಮೊಬೈಲಿನಿಂದ ನಿದ್ದೆ ಕೆಡುವುದು ಬಹುಪಾಲು ಅದರೊಳಗಿನ ಸರಕಿನಿಂದ. ಒಂದು ವಾದ, ಒಂದು ಆಫೀಸ್ ಮೆಸೇಜು, ಮುಗಿಯದ ವಿಡಿಯೊ ಸಾಲು, ಇವಕ್ಕೆ ಯಾವ ಬಣ್ಣದ ಫಿಲ್ಟರೂ ಇಲ್ಲ.

ಮಲಗುವ ಎರಡು ಗಂಟೆ ಮೊದಲು ಮೇಲಿನ ದೀಪಗಳನ್ನು ಆರಿಸಿ, ಕಣ್ಣಿನ ಮಟ್ಟಕ್ಕಿಂತ ಕೆಳಗಿರುವ ಒಂದು ಮಂದ ದೀಪ ಇಟ್ಟುಕೊಳ್ಳಿ. ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಏರಲು ಶುರುವಾಗುವುದು ಹೆಚ್ಚುಕಡಿಮೆ ಆ ಹೊತ್ತಿಗೇ, ಪ್ರಖರ ಬೆಳಕು ಅದನ್ನು ತಡೆಹಿಡಿಯುತ್ತದೆ. ಬಾತ್‌ರೂಮಿನ ಕನ್ನಡಿ ಮೇಲಿನ ದೀಪವನ್ನು ಬಹಳ ಜನ ಮರೆಯುತ್ತಾರೆ. ಎಲ್ಲಾ ಮಂದ ಮಾಡಿ ಕೊನೆಗೆ ಹಲ್ಲುಜ್ಜುವಾಗ ಮುಖಕ್ಕೇ ಹೊಡೆಯುವ ಬೆಳಕಿನಲ್ಲಿ ನಿಲ್ಲುತ್ತಾರೆ. ಹಲ್ಲುಜ್ಜುವುದನ್ನು ಮೊದಲೇ ಮುಗಿಸಿಬಿಡಿ. ಮಲಗಲು ಒಂದೆರಡು ಗಂಟೆ ಇರುವಾಗ ಸುಮಾರು 40 ಡಿಗ್ರಿ ಬಿಸಿಯ ನೀರಿನಲ್ಲಿ ಹತ್ತು ನಿಮಿಷ ಸ್ನಾನ ಮಾಡಿದರೂ ಅನುಕೂಲ. ಕೈಕಾಲಿನ ರಕ್ತನಾಳ ಹಿಗ್ಗಿ ಒಳಗಿನ ಶಾಖ ಹೊರಗೆ ಹೋಗುತ್ತದೆ, ದೇಹ ತಣ್ಣಗಾದಂತೆ ನಿದ್ದೆ ಹತ್ತುತ್ತದೆ. ಆದರೆ ಹಾಸಿಗೆಗೆ ಹೋಗುವ ಮುಂಚಿನ ಗಳಿಗೆಯಲ್ಲಿ ಮಾಡಿದರೆ ಶಾಖ ಇಳಿಯಲು ಸಮಯವೇ ಸಿಗುವುದಿಲ್ಲ.

ಇನ್ನೊಬ್ಬ ಸದಸ್ಯರು: ನನ್ನದು ಸ್ನೂಜ್ ಕಾಯಿಲೆ. 5:30, 5:40, 5:50, 6:00 ಅಂತ ನಾಲ್ಕು ಅಲಾರಂ ಇಡ್ತೀನಿ, ಏಳೋದು 6:20ಕ್ಕೆ. ಬಿಡೋದು ಹೇಗೆ?

ಉತ್ತರ (ನಿದ್ರಾ ವೈದ್ಯರು): 6:20ಕ್ಕೆ ಒಂದೇ ಅಲಾರಂ ಇಡಿ. ತಮಾಷೆಗೆ ಹೇಳುತ್ತಿಲ್ಲ. ಈಗ 5:30ರಿಂದ 6:20ರವರೆಗಿನ 50 ನಿಮಿಷ ನಿದ್ದೆಯೂ ಅಲ್ಲದೆ ಎಚ್ಚರವೂ ಅಲ್ಲದೆ ಹೋಗುತ್ತಿದೆ. ಮೊದಲು ಅದನ್ನು ಗಟ್ಟಿ ನಿದ್ದೆಯಾಗಿ ವಾಪಸ್ ಪಡೆಯಿರಿ. ಒಂದು ವಾರ 6:20ಕ್ಕೆ ಒಂದೇ ಸದ್ದಿಗೆ ಎದ್ದ ಮೇಲೆ 15 ನಿಮಿಷದ ಲೆಕ್ಕದಲ್ಲಿ ಹಿಂದಕ್ಕೆ ಬನ್ನಿ. ಹತ್ತು ನಿಮಿಷದ ಒಂದು ಸ್ನೂಜ್‌ನಿಂದ ಪ್ರಳಯವೇನೂ ಆಗುವುದಿಲ್ಲ, ನಾಲ್ಕು ಸಲ ಎಬ್ಬಿಸಿಕೊಂಡು ನಾಲ್ಕು ಸಲ ಬೀಳುವುದು ಮಾತ್ರ ಶುದ್ಧ ನಷ್ಟ.

ಅಲಾರಂ ಆರಿಸಿದ್ದೇ ನೆನಪಿಲ್ಲ ಎಂದು ಮೇಲೆ ಒಬ್ಬರು ಬರೆದಿದ್ದಾರೆ. ಎಚ್ಚರವಾದ ಮೊದಲ 15ರಿಂದ 30 ನಿಮಿಷ ಮೆದುಳು ಪೂರ್ತಿ ಎದ್ದಿರುವುದಿಲ್ಲ. ಕೈಕಾಲು ಆಡಿಸುವ ಭಾಗ ಬೇಗ ಏಳುತ್ತದೆ, ಯೋಚಿಸಿ ತೀರ್ಮಾನಿಸುವ ಮುಂಭಾಗ ತಡವಾಗಿ. ಅದಕ್ಕೇ ಆ ಹೊತ್ತಿನಲ್ಲಿ ತೀರ್ಮಾನ ಮಾಡುವ ಕೆಲಸವೇ ಇರಬಾರದು. ಅಲಾರಂ ಹಾಸಿಗೆಯಿಂದ ಐದಾರು ಹೆಜ್ಜೆ ದೂರದಲ್ಲಿ, ದೀಪದ ಸ್ವಿಚ್ಚಿನ ಪಕ್ಕದಲ್ಲಿರಲಿ. ಒಂದು ಕೈ ಅಲಾರಂ ಆರಿಸುತ್ತಿದ್ದಂತೆ ಇನ್ನೊಂದು ಕೈ ದೀಪ ಹಾಕಲಿ. ಅಲ್ಲಿಂದ ನೇರ ಬಾತ್‌ರೂಮು, ಮುಖಕ್ಕೆ ತಣ್ಣೀರು. ಹಾಸಿಗೆಗೆ ವಾಪಸ್ ಬರುವ ದಾರಿಯೇ ಇಲ್ಲದಂತೆ ಈ ಮೂರು ಹೆಜ್ಜೆ ದಿನಾ ಒಂದೇ ಕ್ರಮದಲ್ಲಿ ನಡೆಯಲಿ. ಸಾಧ್ಯವಾದರೆ ಮೊಬೈಲ್ ಬದಲು ಬೇರೆ ಅಲಾರಂ ಗಡಿಯಾರ ಬಳಸಿ. ಮೊಬೈಲ್ ಕೈಗೆ ಬಂದರೆ ಅಲಾರಂ ಆರಿಸಿದ ಬೆರಳು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಇನ್ನೊಬ್ಬ ಸದಸ್ಯರು: ಆರು ಗಂಟೆ ನಿದ್ದೆ ಸಾಕು, ಉಳಿದದ್ದು ಸೋಮಾರಿತನ ಅಂತಾರೆ. ಮಲಗೋ ಸಮಯ ಹಾಗೇ ಇಟ್ಟು ಏಳೋದನ್ನ ಮಾತ್ರ ಹಿಂದಕ್ಕೆ ತಂದ್ರೆ?

ಉತ್ತರ (ನಿದ್ರಾ ವೈದ್ಯರು): ವಯಸ್ಕರಿಗೆ 7 ಗಂಟೆ ಅಥವಾ ಅದಕ್ಕಿಂತ ಹೆಚ್ಚು, ಹದಿಹರೆಯದವರಿಗೆ 8ರಿಂದ 10, ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ. ಇದು ನಿದ್ದೆಯ ಲೆಕ್ಕ, ಹಾಸಿಗೆಯಲ್ಲಿರುವ ಲೆಕ್ಕವಲ್ಲ. 12:30ರಿಂದ 7:30ರವರೆಗೆ ಮಲಗಿದವರಿಗೆ ನಿದ್ದೆ ಹತ್ತಲು 20 ನಿಮಿಷ, ನಡುನಡುವೆ ಎಚ್ಚರ 30 ನಿಮಿಷ ಹೋದರೆ ಸಿಕ್ಕಿದ್ದು 6 ಗಂಟೆ 10 ನಿಮಿಷ. ಅದರಲ್ಲಿ ಇನ್ನೊಂದು ಗಂಟೆ ಕತ್ತರಿಸಿದರೆ ಐದು ಚಿಲ್ಲರೆ.

ಕತ್ತರಿಸುವ ಗಂಟೆ ಯಾವುದು ಎನ್ನುವುದೂ ಮುಖ್ಯ. ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲಿ ಬರುತ್ತದೆ, ಕನಸು ಹೆಚ್ಚಿರುವ ರೆಮ್ ನಿದ್ದೆ ಕೊನೆಯ ಭಾಗದಲ್ಲಿ. ಬೆಳಗಿನ ಒಂದು ಗಂಟೆ ಕತ್ತರಿಸಿದಾಗ ಹೆಚ್ಚು ಪೆಟ್ಟು ಬೀಳುವುದು ರೆಮ್ ನಿದ್ದೆಗೆ. ಒಂದೆರಡು ವಾರದಲ್ಲಿ ಕಡಿಮೆ ನಿದ್ದೆ ರೂಢಿಯಾಯಿತು ಅನ್ನಿಸುತ್ತದೆ. ರೂಢಿಯಾದದ್ದು ತೂಕಡಿಕೆ ಅಷ್ಟೆ. ಗಮನ, ಪ್ರತಿಕ್ರಿಯೆಯ ವೇಗ ಇಳಿಯುತ್ತಲೇ ಇರುತ್ತವೆ, ಇಳಿದದ್ದು ತನಗೇ ಗೊತ್ತಾಗುವುದಿಲ್ಲ. ವಾಹನ ಓಡಿಸುವವರಿಗಂತೂ ಇದು ಅಪಾಯ.

ನಿಮಗೆ ಎಷ್ಟು ಬೇಕು ಎಂದು ತಿಳಿಯಬೇಕಿದ್ದರೆ ಅಲಾರಂ ಬೇಡದ ಹತ್ತು ದಿನದ ರಜೆಯಲ್ಲಿ ನೋಡಿ. ಮೊದಲ ನಾಲ್ಕು ದಿನದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಹಳೆ ಬಾಕಿ ತೀರಿಸುವ ನಿದ್ದೆ. ಉಳಿದ ಆರು ದಿನದ ಸರಾಸರಿಯೇ ನಿಮ್ಮ ಅಗತ್ಯ. ಏಳುವ ಸಮಯದಿಂದ ಅಷ್ಟನ್ನು ಕಳೆದು, ಇನ್ನೂ 30 ನಿಮಿಷ ಹಿಂದಕ್ಕೆ ಹೋದರೆ ಹಾಸಿಗೆಗೆ ಹೋಗುವ ಸಮಯ ಸಿಗುತ್ತದೆ. ಸಿಕ್ಕಿದ ಸಮಯಕ್ಕೆ ಮಲಗಲು ಮನೆಯ ಪರಿಸ್ಥಿತಿ ಬಿಡುವುದಿಲ್ಲ ಎಂದಾದರೆ ಬೇಗ ಏಳುವ ಯೋಜನೆಯನ್ನೇ ಸದ್ಯಕ್ಕೆ ಬಿಡುವುದು ವಾಸಿ.

ಇನ್ನೊಬ್ಬ ಸದಸ್ಯರು: ನನ್ನ ಸಮಸ್ಯೆ ಬೇರೆ. ಏಳೋದು 5:45ಕ್ಕೆ ಎದ್ದೇಳ್ತೀನಿ. ಆದ್ರೆ 6:45 ಆಗೋ ಹೊತ್ತಿಗೆ ಏನು ಮಾಡಿದೆ ಅಂತ ನೋಡಿದ್ರೆ ಏನೂ ಇಲ್ಲ. ಮೇಡಂ, ಆ ಗಂಟೆನ ಹೇಗೆ ಬಳಸ್ಕೋಬೇಕು?

ಉತ್ತರ (ಸಮಯ ಯೋಜನೆಯ ತರಬೇತುದಾರರು): ಮೊದಲು ಆ ಗಂಟೆಯನ್ನು 60 ನಿಮಿಷ ಎಂದು ಲೆಕ್ಕ ಹಾಕುವುದನ್ನು ಬಿಡಿ. ಡಾಕ್ಟರ್ ಮೇಲೆ ಹೇಳಿದ ಮಂಪರಿಗೆ, ಮುಖ ತೊಳೆಯುವುದಕ್ಕೆ 15 ನಿಮಿಷ ಹೋಗುತ್ತದೆ. ಕೊನೆಯ ಐದು ನಿಮಿಷ ಮುಂದಿನ ಕೆಲಸಗಳ ಧಾವಂತಕ್ಕೆ. ಕೈಗೆ ಸಿಗುವುದು 40 ನಿಮಿಷ. ವಾರಕ್ಕೆ ಐದು ದಿನವಾದರೆ 3 ಗಂಟೆ 20 ನಿಮಿಷ. 40 ನಿಮಿಷದ ಸಂಚಿಗೆ ಮೂರು ಕೆಲಸ ತುಂಬಲು ಹೋದವರು ವ್ಯಾಯಾಮವನ್ನೂ ಮುಗಿಸುವುದಿಲ್ಲ, ಓದನ್ನೂ ಮುಗಿಸುವುದಿಲ್ಲ. ಒಂದು ತಿಂಗಳಿಗೆ ಒಂದೇ ಕೆಲಸ ಇಟ್ಟುಕೊಳ್ಳಿ.

ಕೆಲಸವನ್ನು ಹಿಂದಿನ ರಾತ್ರಿಯೇ ಚೀಟಿಯಲ್ಲಿ ಬರೆದಿಡಬೇಕು, ಬರೆಯುವ ರೀತಿಯಲ್ಲೇ ಅರ್ಧ ಕೆಲಸ ಇದೆ. "ಲೆಕ್ಕ ಓದುವುದು" ಎಂದು ಬರೆದರೆ ಬೆಳಗ್ಗೆ ಯಾವ ಅಧ್ಯಾಯ, ಎಲ್ಲಿಂದ, ಪುಸ್ತಕ ಎಲ್ಲಿದೆ ಎಂಬ ಮೂರು ತೀರ್ಮಾನ ಬಾಕಿ ಉಳಿಯುತ್ತವೆ. "ಅಧ್ಯಾಯ 4, ಲೆಕ್ಕ 11ರಿಂದ 15" ಎಂದು ಬರೆಯಿರಿ. ಪುಸ್ತಕ ಅದೇ ಪುಟಕ್ಕೆ ತೆರೆದು ಮೇಜಿನ ಮೇಲೆ ಬೋರಲು ಹಾಕಿರಲಿ, ಪಕ್ಕದಲ್ಲಿ ಪೆನ್ನು, ಬಿಳಿ ಹಾಳೆ. ವ್ಯಾಯಾಮವಾದರೆ ಬಟ್ಟೆ, ಬೂಟು, ಸಾಕ್ಸು ಕುರ್ಚಿಯ ಮೇಲೆ, ಸಾಕ್ಸು ಎರಡೂ ಒಂದೇ ಜೊತೆಯದ್ದು ಎಂದು ನೋಡಿಕೊಂಡು. ಹುಡುಕಾಟಕ್ಕೆ ಹೋದ ಐದು ನಿಮಿಷ ಎಂದೂ ಐದಕ್ಕೆ ನಿಲ್ಲುವುದಿಲ್ಲ, ನಡುವೆ ಇನ್ನೇನೋ ಕಣ್ಣಿಗೆ ಬಿದ್ದು ಅದರ ಹಿಂದೆ ಹೋಗಿರುತ್ತೇವೆ.

ಕೂತ ಕೂಡಲೇ ಕಷ್ಟದ್ದಕ್ಕೆ ಕೈ ಹಾಕಬೇಡಿ. ಮೊದಲ ಐದು ನಿಮಿಷ ನಿನ್ನೆ ಮಾಡಿದ ಕೊನೆಯ ಭಾಗವನ್ನು ಓದಿ ಅಥವಾ ನಿನ್ನೆಯ ಒಂದು ಲೆಕ್ಕವನ್ನೇ ಮತ್ತೆ ಮಾಡಿ. ತಲೆ ಓಡತೊಡಗಿದ ಮೇಲೆ 30 ನಿಮಿಷ ಹೊಸದು. ಉಳಿದ ಐದು ನಿಮಿಷದಲ್ಲಿ ನಾಳೆ ಎಲ್ಲಿಂದ ಶುರು ಎಂದು ಒಂದು ಸಾಲು ಬರೆಯಿರಿ. ಅರ್ಧಕ್ಕೆ ನಿಂತರೆ ಒಳ್ಳೆಯದೇ. ಲೆಕ್ಕ 14ರ ಎರಡನೇ ಹೆಜ್ಜೆಯಲ್ಲಿ ನಿಲ್ಲಿಸಿದವರಿಗೆ ಮರುದಿನ ಶುರು ಮಾಡುವುದು ಹೊಸ ಅಧ್ಯಾಯ ತೆರೆಯುವವರಿಗಿಂತ ಸುಲಭ.

ಇನ್ನು ಆ ಹೊತ್ತಿಗೆ ಬೇಡವಾದದ್ದು: ಮೆಸೇಜು, ಇಮೇಲು, ಬಿಲ್ಲು ಕಟ್ಟುವುದು, ಬಟ್ಟೆ ಮಡಚುವುದು. ಇವುಗಳನ್ನು ಗಲಾಟೆಯ ನಡುವೆ, ಸುಸ್ತಾದಾಗಲೂ ಮಾಡಬಹುದು. ಯಾರೂ ಅಡ್ಡ ಬರದ 40 ನಿಮಿಷವನ್ನು ಅಡ್ಡ ಬಂದರೂ ನಡೆಯುವ ಕೆಲಸಕ್ಕೆ ಹಾಕಿದರೆ ಬೇಗ ಎದ್ದದ್ದೇ ದಂಡ. ನೀವು ಬರೆದ "ಏನೂ ಇಲ್ಲ" ಎಲ್ಲಿ ಹೋಯಿತೆಂದು ತಿಳಿಯಬೇಕಾದರೆ ಎರಡು ದಿನ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಏನು ಮಾಡುತ್ತಿದ್ದೆ ಎಂದು ಕಾಗದದಲ್ಲಿ ಗುರುತು ಹಾಕಿ. ಎರಡೇ ದಿನ ಸಾಕು.

ಇನ್ನೊಬ್ಬ ಸದಸ್ಯರು: ಬೆಳಗ್ಗೆ ಓದಿದ್ದು ತಲೇಲಿ ಚೆನ್ನಾಗಿ ಉಳಿಯುತ್ತೆ ಅನ್ನೋದು ನಿಜಾನಾ?

ಉತ್ತರ (ಸಮಯ ಯೋಜನೆಯ ತರಬೇತುದಾರರು): ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಹಾಗೇ ಹೇಳುತ್ತಾರೆ.

ಉತ್ತರ (ನಿದ್ರಾ ವೈದ್ಯರು): ಮೇಡಂ ಮಾತಿಗೆ ಒಂದು ತಿದ್ದುಪಡಿ. ಎಲ್ಲರಿಗೂ ನಿಜವಲ್ಲ. ಕೆಲವರ ಗಡಿಯಾರ ಹುಟ್ಟಿನಿಂದಲೇ ಬೇಗ, ಕೆಲವರದ್ದು ತಡ, ಬಹುಪಾಲು ಜನ ನಡುವೆ ಇರುತ್ತಾರೆ. ಇದರಲ್ಲಿ ವಂಶವಾಹಿಗಳ ಪಾಲೂ ಇದೆ. ಈ ಗಡಿಯಾರವನ್ನು ಜೀವಕೋಶದೊಳಗೆ ನಡೆಸುವ ವಂಶವಾಹಿಗಳ ಕೆಲಸವನ್ನು ಬಿಡಿಸಿ ತೋರಿಸಿದ್ದಕ್ಕೇ 2017ರಲ್ಲಿ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬ್ಯಾಷ್, ಮೈಕೇಲ್ ಯಂಗ್ ಅವರಿಗೆ ನೊಬೆಲ್ ಬಂದದ್ದು. ರಾತ್ರಿ ಹತ್ತಕ್ಕೆ ತಲೆ ಚುರುಕಾಗುವವರು ಆಗಲೇ ಓದಿ 11:30ಕ್ಕೆ ಮಲಗಿದರೆ ಏನೂ ನಷ್ಟವಿಲ್ಲ. ಓದಿದ್ದು ಗಟ್ಟಿಯಾಗುವುದು ಆಮೇಲಿನ ನಿದ್ದೆಯಲ್ಲಿ. ಬೆಳಗಿನ ನಿಜವಾದ ಲಾಭ ಮೇಡಂ ಹೇಳಿದ ಇನ್ನೊಂದು ಮಾತಿನಲ್ಲಿದೆ: ಆ ಹೊತ್ತಿಗೆ ಯಾರೂ ಅಡ್ಡ ಬರುವುದಿಲ್ಲ. ನಿಮ್ಮ ಮನೆಯಲ್ಲಿ ರಾತ್ರಿಯೇ ನಿಶ್ಶಬ್ದ ಇದ್ದರೆ ಬೇಗ ಏಳಲೇಬೇಕೆಂಬ ಹಟ ಬೇಡ.

ಇನ್ನೊಬ್ಬ ಸದಸ್ಯರು: ಭಾನುವಾರ? ಭಾನುವಾರವಾದ್ರೂ ಬಿಡಿ ಡಾಕ್ಟ್ರೇ!

ಉತ್ತರ (ನಿದ್ರಾ ವೈದ್ಯರು): ಒಂದು ಗಂಟೆ ಬಿಟ್ಟೆ. ವಾರದ ದಿನ 11:00ರಿಂದ 6:30ರವರೆಗೆ ಮಲಗಿದರೆ ನಿದ್ದೆಯ ನಟ್ಟನಡು ಬಿಂದು 2:45. ಶನಿವಾರ ರಾತ್ರಿ 1:00ಕ್ಕೆ ಮಲಗಿ 9:30ಕ್ಕೆ ಎದ್ದರೆ ನಡು ಬಿಂದು 5:15. ವ್ಯತ್ಯಾಸ ಎರಡೂವರೆ ಗಂಟೆ. ಪ್ರತಿ ವಾರಾಂತ್ಯ ಎರಡೂವರೆ ಗಂಟೆ ಅಂತರದ ದೇಶಕ್ಕೆ ವಿಮಾನದಲ್ಲಿ ಹೋಗಿ ಬಂದಂತೆ ಇದು. ಇದಕ್ಕೆ ಸೋಷಿಯಲ್ ಜೆಟ್‌ಲ್ಯಾಗ್ ಎಂದೇ ಹೆಸರು. ಭಾನುವಾರ ರಾತ್ರಿ ನಿದ್ದೆ ಬಾರದಿರುವುದು, ಸೋಮವಾರ ಬೆಳಗ್ಗೆ ಎದ್ದೇಳಲಾಗದಿರುವುದು ಎರಡಕ್ಕೂ ಮೂಲ ಅಲ್ಲೇ ಇದೆ. ರಾತ್ರಿ ತಡವಾದರೂ ಮಾಮೂಲಿಗಿಂತ ಒಂದು ಗಂಟೆಯೊಳಗೆ ಏಳಿ, ಮಧ್ಯಾಹ್ನ 3ರೊಳಗೆ 20 ನಿಮಿಷ ಮಲಗಿ, ಅವತ್ತು ರಾತ್ರಿ ಸ್ವಲ್ಪ ಬೇಗ ಹಾಸಿಗೆ ಸೇರಿ.

ಇನ್ನೊಬ್ಬ ಸದಸ್ಯರು: ಕಾಫಿ ಎಷ್ಟು ಗಂಟೆಗೆ ನಿಲ್ಲಿಸ್ಬೇಕು?

ಉತ್ತರ (ನಿದ್ರಾ ವೈದ್ಯರು): ಮಲಗುವ ಎಂಟು ಗಂಟೆ ಮೊದಲು. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸರಾಸರಿ ಐದು ಗಂಟೆ ಬೇಕು. ಸಂಜೆ 5ರ ಕಾಫಿಯ ಅರ್ಧ ರಾತ್ರಿ 10ಕ್ಕೂ ರಕ್ತದಲ್ಲಿರುತ್ತದೆ. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ನಿಧಾನ. ಸಿಗರೇಟು ಸೇದುವವರಲ್ಲಿ ಬೇಗ ಕರಗುತ್ತದೆ, ಸೇದುವುದು ಬಿಟ್ಟ ಮೇಲೆ ಅದೇ ಕಾಫಿ ಜಾಸ್ತಿಯಾಗಿ ನಿದ್ದೆ ಕೆಡಿಸುವುದೂ ಇದೆ. ಕೆಫೀನ್ ಅಡಿನೋಸಿನ್‌ನ ಬಾಗಿಲಿಗೆ ಅಡ್ಡ ನಿಲ್ಲುತ್ತದೆಯೇ ಹೊರತು ಅದನ್ನು ಕಡಿಮೆ ಮಾಡುವುದಿಲ್ಲ. ಕಾಫಿ ಕುಡಿದೂ ನನಗೆ ನಿದ್ದೆ ಬರುತ್ತೆ ಎನ್ನುವವರಿಗೂ ಗಾಢ ನಿದ್ದೆ ಕಡಿಮೆಯಾಗಿರಬಹುದು. ಟೀ, ಕೋಲಾ, ಚಾಕೊಲೇಟಿನಲ್ಲೂ ಕೆಫೀನ್ ಇದೆ.

ಇನ್ನೊಬ್ಬ ಸದಸ್ಯರು: ಮಗನಿಗೆ 16. ರಾತ್ರಿ 12 ಆದ್ರೂ ಮಲಗಲ್ಲ, ಬೆಳಗ್ಗೆ 5ಕ್ಕೆ ಎಬ್ಬಿಸಿ ಓದೋಕೆ ಕೂರಿಸಿದ್ರೆ ಪುಸ್ತಕದ ಮೇಲೇ ತೂಕಡಿಸ್ತಾನೆ. ಶಿಸ್ತು ಕಲಿಸೋದು ಹೇಗೆ?

ಉತ್ತರ (ನಿದ್ರಾ ವೈದ್ಯರು): ತೂಕಡಿಸುತ್ತಿರುವುದು ಅಶಿಸ್ತಿನಿಂದಲ್ಲ. ಹರೆಯದಲ್ಲಿ ದೇಹದ ಗಡಿಯಾರವೇ ತಡವಾಗುತ್ತದೆ, ಸುಮಾರು 20ನೇ ವಯಸ್ಸಿನವರೆಗೆ ಹಾಗಿದ್ದು ಆಮೇಲೆ ನಿಧಾನವಾಗಿ ಹಿಂದಕ್ಕೆ ಬರುತ್ತದೆ. 12ರಿಂದ 5 ಎಂದರೆ ಐದು ಗಂಟೆ, ಅವನಿಗೆ ಬೇಕಾದದ್ದು ಕನಿಷ್ಠ ಎಂಟು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹೈಸ್ಕೂಲುಗಳು 8:30ಕ್ಕಿಂತ ಮೊದಲು ಶುರುವಾಗಬಾರದು ಎಂದು ಹೇಳಿದ್ದು ಇದೇ ಕಾರಣಕ್ಕೆ. 5ಕ್ಕೆ ಎಬ್ಬಿಸುವುದನ್ನು ನಿಲ್ಲಿಸಿ. ಶಾಲೆಯ ಸಮಯಕ್ಕೆ ಸರಿಯಾಗಿ ಒಂದು ಏಳುವ ಸಮಯ ನಿಗದಿ ಮಾಡಿ, ರಾತ್ರಿ ಮೊಬೈಲನ್ನು ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಹಾಕಿಸಿ, ಅವನದ್ದು ಮಾತ್ರವಲ್ಲ, ನಿಮ್ಮದೂ. ಬೆಳಗ್ಗೆ ಶಾಲೆಗೆ ನಡೆದೋ ಸೈಕಲ್ಲಿನಲ್ಲೋ ಹೋದರೆ ಬೆಳಕೂ ಸಿಗುತ್ತದೆ.

ಇನ್ನೊಬ್ಬ ಸದಸ್ಯರು: ನಮ್ಮ ಅಮ್ಮನದು ತದ್ವಿರುದ್ಧ. 68 ವರ್ಷ, ರಾತ್ರಿ 8ಕ್ಕೇ ಜೊಂಪು ಹತ್ತಿ ಬೆಳಗಿನ ಜಾವ 3ಕ್ಕೆ ಎದ್ದು ಕೂರ್ತಾರೆ.

ಉತ್ತರ (ನಿದ್ರಾ ವೈದ್ಯರು): 8ರಿಂದ 3 ಎಂದರೆ ಏಳು ಗಂಟೆ ಆಯಿತಲ್ಲ, ನಿದ್ದೆ ಕಡಿಮೆಯಾಗಿಲ್ಲ, ಹೊತ್ತು ಮುಂಚೆಯಾಗಿದೆ. ವಯಸ್ಸಾದಂತೆ ಹೀಗಾಗುವುದು ಸಾಮಾನ್ಯ. ಅವರಿಗೇ ತೊಂದರೆ ಇಲ್ಲದಿದ್ದರೆ ಬಿಟ್ಟುಬಿಡಿ. ತೊಂದರೆಯಿದ್ದರೆ ಮೇಲಿನದನ್ನೆಲ್ಲಾ ತಿರುವು ಮುರುವು ಮಾಡಬೇಕು: ಸಂಜೆ 6ರಿಂದ 8ರವರೆಗೆ ಪ್ರಖರ ಬೆಳಕಿನಲ್ಲಿ ಓಡಾಡಲಿ, ನಸುಕಿನಲ್ಲಿ ಎಚ್ಚರವಾದಾಗ ದೀಪ ಮಂದವಾಗಿರಲಿ, ಮಲಗುವುದನ್ನು ಮೂರು ದಿನಕ್ಕೆ 15 ನಿಮಿಷ ಮುಂದೂಡಲಿ. 3ಕ್ಕೆ ಎದ್ದವರಿಗೆ ಬೇಜಾರು, ನಿರಾಸಕ್ತಿ, ಊಟ ಸೇರದಿರುವುದು ಎರಡು ವಾರಕ್ಕಿಂತ ಹೆಚ್ಚು ಇದ್ದರೆ ಖಿನ್ನತೆಯ ಲಕ್ಷಣ ಇರಬಹುದು, ವೈದ್ಯರಿಗೆ ತೋರಿಸಿ.

ಇದೇ ಸಂದರ್ಭದಲ್ಲಿ ಉಳಿದವರಿಗೂ ಹೇಳಿಬಿಡುತ್ತೇನೆ. ಎಂಟು ಗಂಟೆ ಮಲಗಿಯೂ ಆಯಾಸ, ಜೋರು ಗೊರಕೆ, ನಡುವೆ ಉಸಿರು ನಿಂತಂತಾಗುವುದು, ಬೆಳಗ್ಗೆ ತಲೆನೋವು ಇದ್ದರೆ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ಕಾಯಿಲೆ, ಇದೆಯೇ ಎಂದು ಪರೀಕ್ಷಿಸಬೇಕು, ಅಲಾರಂ ಬದಲಿಸಿ ಪ್ರಯೋಜನವಿಲ್ಲ. ಮೆಲಟೋನಿನ್ ಮಾತ್ರೆಯನ್ನು ನೀವಾಗಿಯೇ ನುಂಗಬೇಡಿ, ಅದರಲ್ಲಿ ಪ್ರಮಾಣಕ್ಕಿಂತ ತೆಗೆದುಕೊಳ್ಳುವ ಸಮಯ ಮುಖ್ಯ. 10,000 ಲಕ್ಸ್ ದೀಪ ಕೊಳ್ಳಬೇಕೆಂದಿರುವವರಿಗೆ ಕಣ್ಣಿನ ರೆಟಿನಾ ತೊಂದರೆ ಅಥವಾ ಬೈಪೋಲಾರ್ ಕಾಯಿಲೆ ಇದ್ದರೆ ಮೊದಲು ವೈದ್ಯರನ್ನು ಕೇಳಿ. ರಾತ್ರಿ ಪಾಳಿಯವರಿಗೆ ಈ ಸಲಹೆಗಳು ಹೊಂದುವುದಿಲ್ಲ, ನಿಮ್ಮ ಪಾಳಿಯ ಸಮಯ ಬರೆದು ಬೇರೆ ಪ್ರಶ್ನೆ ಹಾಕಿ.

ಮೊದಲು ಕೇಳಿದ ಸದಸ್ಯರು: ಡಾಕ್ಟ್ರೇ, ಎರಡನೇ ಹಂತದಲ್ಲಿ ನಿಂತುಬಿಟ್ಟಿದ್ದೀನಿ. 7:00ಕ್ಕೆ ಏಳ್ತಿದ್ದೀನಿ, ಬೆಳಕಿಗೂ ಹೋಗ್ತಿದ್ದೀನಿ. ಆದ್ರೆ ರಾತ್ರಿ ಇನ್ನೂ 12:30ಕ್ಕೆ ಮೊದ್ಲು ನಿದ್ದೆ ಇಲ್ಲ. ಆಫೀಸಿಂದ ಬಂದು ಸಂಜೆ 6ಕ್ಕೆ ಅರ್ಧ ಮುಕ್ಕಾಲು ಗಂಟೆ ಕಣ್ಣು ಮುಚ್ತೀನಿ, ಅಷ್ಟೇ.

ಉತ್ತರ (ನಿದ್ರಾ ವೈದ್ಯರು): ಆ "ಅಷ್ಟೇ" ಅನ್ನುವುದರಲ್ಲೇ ಇದೆ. ದಿನವಿಡೀ ಕೂಡಿದ ಒತ್ತಡವನ್ನು ಸಂಜೆ 6ಕ್ಕೆ ಖರ್ಚು ಮಾಡಿ ರಾತ್ರಿ 12ಕ್ಕೆ ಹುಡುಕುತ್ತಿದ್ದೀರಿ. ಸಂಜೆಯ ನಿದ್ದೆ ಪೂರ್ತಿ ಬಿಡಿ. ತೀರಾ ತಡೆಯದಿದ್ದರೆ ಊಟದ ವಿರಾಮದಲ್ಲಿ 20 ನಿಮಿಷ, 3 ಗಂಟೆಯೊಳಗೆ, ಅಲಾರಂ ಇಟ್ಟು. ಸಂಜೆ ಆ ಹೊತ್ತಿಗೆ ಕೂರಬೇಡಿ, ಬಟ್ಟೆ ಬದಲಿಸಿ ಹತ್ತು ನಿಮಿಷ ನಡೆದು ಬನ್ನಿ, ಸೋಫಾ ಕಡೆಗೆ ಹೋಗಲೇಬೇಡಿ. 7:00ರ ಹಂತದಲ್ಲಿ ಇನ್ನೂ ಮೂರು ದಿನ ಇರಿ, 7:30ಕ್ಕೆ ವಾಪಸ್ ಹೋಗುವುದು ಬೇಡ. ಹಾಸಿಗೆಗೆ ಹೋದ ಮೇಲೆ ಅಂದಾಜು 20 ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಯಲ್ಲಿ ಮಂದ ದೀಪದಲ್ಲಿ ಏನಾದರೂ ಓದಿ, ಪರೀಕ್ಷೆಯ ಪುಸ್ತಕ ಬಿಟ್ಟು. ಕಣ್ಣು ಎಳೆದಾಗ ಮತ್ತೆ ಹೋಗಿ. ಮರುದಿನ ಎಷ್ಟೇ ಹೊತ್ತಾಗಿ ಮಲಗಿದ್ದರೂ 7:00ಕ್ಕೇ ಏಳಬೇಕು. ಮೂರು ದಿನದ ನಂತರ ಮಲಗಿದ ಸಮಯ, ನಿದ್ದೆ ಹತ್ತಿದ ಅಂದಾಜು ಸಮಯ, ಎದ್ದ ಸಮಯ ಮೂರನ್ನೂ ಇಲ್ಲೇ ಬರೆದು ಹಾಕಿ, ನೋಡಿ 6:45ಕ್ಕೆ ಇಳಿಸೋಣ.